ಕಾದ ಕಡಲೂ ಗುರ್ಜಿ ಹೊತ್ತ ಮೇಷ್ಟ್ರೂ

ವಿಜ್ಞಾನದ ಮೇಷ್ಟ್ರು ಗವಿಸಿದ್ದೇಶ್ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಹೊಸಹಳ್ಳಿ ಆಚೆಯ ಊರೊಂದಕ್ಕೆ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗೀತಮ್ಮನ ಹೋಟೆಲಿನಲ್ಲಿ ಕೂತು, ಯಾರೂ ಕೇಳದಿದ್ದರೂ ಹೇಳಿಬಿಟ್ಟರು.

"ಪೆಸಿಫಿಕ್ ಸಮುದ್ರ ಕಾದೈತ್ರಿ. ಅದು ಕಾದ ವರ್ಷ ನಮ್ಮ ಕಡಿ ಬರೋ ಮಳಿಗಾಳಿ ಸೊರಗತೈತಿ. ಈ ಸಲ ಮಳಿ ಬರಂಗಿಲ್ಲ."

ಕುರಿ ಸಾಕುವ ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಬಿತ್ತೋ ಹೊತ್ತಿನ್ಯಾಗ ಮಳಿಗೆ ಅಡ್ಡ ಮಾತಾಡ್ತೀರೇನ್ರಿ? ನಮ್ಮೂರಾಗ ಅಡ್ಡ ಮಾತಾಡಿದೋರೇ ಗುರ್ಜಿ ಹೊರಬೇಕು. ಮಳಿ ಬರೋತನಕ ಇಳಸಂಗಿಲ್ಲ!"

ರೊಟ್ಟಿ ಹಂಚಿನ ಮೇಲೆ ಮಳೆ ಕರೆಯುವ ಸಗಣಿಯ ಗೊಂಬೆ ಗುರ್ಜಿಯನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಮೇಷ್ಟ್ರ ತಲೆಗೇರಿಸಿದರು. ಮನೆಮನೆಯ ಮುಂದೆ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿಯುವುದು ಪದ್ಧತಿ. ಮೊದಲ ಕೊಡಕ್ಕೇ ಕನ್ನಡಕ ಜಾರಿತು. ಎರಡನೆಯ ಓಣಿಗೆ ಬರುವಷ್ಟರಲ್ಲಿ ಮೇಷ್ಟ್ರು ಉಣ್ಣೆ ಕತ್ತರಿಸಿದ ಕುರಿಯಂತೆ ನಡುಗುತ್ತಿದ್ದರು. ನೀರಿಗಿಂತ ಹೆಚ್ಚಾಗಿ ಅವರನ್ನು ಹೆದರಿಸಿದ್ದು ಅವರ ವಿಜ್ಞಾನವೇ. ಮಳೆ ಬರುವುದಿಲ್ಲವೆಂಬ ತಮ್ಮ ಮಾತನ್ನು ಅವರು ಗಟ್ಟಿಯಾಗಿ ನಂಬಿದ್ದರು. ಕಾದ ಸಮುದ್ರ ತಣ್ಣಗಾಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಹೀಗೇ ತಿರುಗಬೇಕೆ?

"ದುರುಗಮ್ಮಾರೇ, ಜ್ವರ ಬಂದೀತ್ರಿ..."

"ಜ್ವರ ಬರ್ಲಿ ಬಿಡ್ರಿ, ಮಳಿ ಬಂದ್ರ ಸಾಕು. ಗೀತಮ್ಮಾ, ಇನ್ನೊಂದ್ ಕೊಡ ತಗಂಬಾ!"

ಸಂಜೆ ಪಡುವಣದಲ್ಲಿ ಗುಡುಗಿತು. ನೋಡನೋಡುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ಮೇಷ್ಟ್ರು ಹಂಚು ಇಳಿಸಿದರು. ಕುಣಿಯುವುದೊಂದು ಬಾಕಿ.

"ನಮ್ಮ ಬಗಲಿನ ಅರಬ್ಬಿ ಸಮುದ್ರನೂ ಕಾದಿರಬೇಕ್ರಿ! ಅದು ಕಾದ್ರ ನಮಗ ಮಳಿ. ಆ ಸಮುದ್ರ ಕಸ್ಕಂಡಿದ್ದನ್ನ ಈ ಸಮುದ್ರ ಕೊಟ್ಟೈತಿ!"

ಯಾರೂ ಕೇಳಿಸಿಕೊಳ್ಳಲಿಲ್ಲ. ದುರುಗಮ್ಮ ಅವರ ಕಾಲಿಗೇ ಬಿದ್ದಳು. ಮೇಷ್ಟ್ರಿಗೆ ಅಂದು ಮೊದಲ ಸಲ ಸಮಾಧಾನವಾಯಿತು.

ಅಷ್ಟರಲ್ಲಿ ಇಟ್ಟಿಗೆ ಸುಡುವ ಚೌಡಣ್ಣ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಓಡಿಬಂದ.

"ಮಳಿ ಬರಂಗಿಲ್ಲ ಅಂದ್ರಿ ಅಂತ ಹಸಿ ಇಟ್ಟಿಗಿ ಮ್ಯಾಗಿನ ತಾಡಪಾಲು ತೆಗದಿದ್ನೆಲ್ರೀ! ಎಲ್ಲಾ ಕರಗಿ ಮಣ್ಣಾಗಾಕತ್ಯಾವ!"

"ಅದಕ್ಕ ನಾ ಏನ್ ಮಾಡ್ಲಿ, ಚೌಡಣ್ಣಾ?"

"ಬರಿಸಿದೋರು ನೀವು, ನಿಲ್ಲಸೋರೂ ನೀವೇ!" ಎಂದು ಚೌಡಣ್ಣ ಹಂಚನ್ನೆತ್ತಿ ಮತ್ತೆ ಮೇಷ್ಟ್ರ ತಲೆಗಿಟ್ಟ. "ನಡೀರಿ ಮೇಷ್ಟ್ರೇ. ಈ ಸಲ ಊರೆಲ್ಲಾ ಹಿಂದ್‌ಹಿಂದಕ್ಕ ನಡೀರಿ!"