ಆಗುವ ಮೊದಲೇ ಆಗಿಹೋದ ಗ್ಯಾದರಿಂಗ್

ನಾನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ನಿಜವನ್ನು ತುಸು ಮುಂಚಿತವಾಗಿ ಹೇಳಿಬಿಡುವ ಚಟವೊಂದು ನನಗೆ ಬಹಳ ವರ್ಷಗಳಿಂದ ಅಂಟಿಕೊಂಡಿದೆ. ಅದಕ್ಕೆ ನಾನೊಬ್ಬನೇ ಕಾರಣನಲ್ಲ, ನನ್ನ ನೌಕರಿಯೂ ಕಾರಣ. ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮಾಸ್ತರ. ಯಾವ ಶಾಲೆ ಎಂದು ಕೇಳಬೇಡಿ, ನನಗಿನ್ನೂ ನಿವೃತ್ತಿಯಾಗಿಲ್ಲ. ಶಾಲೆಯಲ್ಲಿ ಕನ್ನಡ ಮಾಸ್ತರನೆಂದರೆ ಬರವಣಿಗೆಯ ಕೂಲಿ ಎಂದೇ ಅರ್ಥ. ಗಣಿತದವರಿಗೆ ರಜೆ ಅರ್ಜಿ ಬೇಕಾದರೆ ನನ್ನ ಹತ್ತಿರ ಬರುತ್ತಾರೆ. ವಿಜ್ಞಾನದವರ ಮಗಳ ಮದುವೆ ಕಾರ್ಡಿನಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಬರೆದವನೂ ನಾನೇ. ಇವೆಲ್ಲಕ್ಕಿಂತ ದೊಡ್ಡ ಜವಾಬ್ದಾರಿ ಎಂದರೆ ಶಾಲೆಯಲ್ಲಿ ನಡೆಯುವ ಕಾರ್ಯಕ್ರಮಗಳ ವರದಿ ಬರೆದು ಪೇಪರಿಗೆ ಕಳಿಸುವುದು.

ಈ ವರದಿಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕಮಲಾಪುರದ ಸುದ್ದಿಯನ್ನು ಪೇಪರಿಗೆ ಮುಟ್ಟಿಸುವವನು ಬಸಣ್ಣ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ ಇದೆ. ಮರುದಿನದ ಪೇಪರಿನಲ್ಲಿ ಅವನ ಪುಟ ಮಧ್ಯಾಹ್ನವೇ ಮುಗಿದು ಹೋಗುತ್ತದಂತೆ. ನಮ್ಮ ಕಾರ್ಯಕ್ರಮಗಳಲ್ಲೋ ದೀಪ ಹಚ್ಚುವ ಹೊತ್ತಿಗೇ ಮಧ್ಯಾಹ್ನವಾಗಿರುತ್ತದೆ. ಹೀಗಾಗಿ ವರದಿ ಹಿಂದಿನ ದಿನವೇ ಬಸಣ್ಣನ ಕೈ ಸೇರಬೇಕು. ಸುತ್ತಲಿನ ಶಾಲೆಗಳೆಲ್ಲ ಮಾಡುವುದೂ ಹೀಗೇ, ಇದರಲ್ಲಿ ಯಾರಿಗೂ ತಪ್ಪು ಕಂಡಿಲ್ಲ. ಯಾಕೆ ಕಾಣಬೇಕು? ದೀಪ ಹಚ್ಚದೆ ಯಾವ ಕಾರ್ಯಕ್ರಮವೂ ಆಗುವುದಿಲ್ಲ, ವಂದಿಸದೆ ಯಾವುದೂ ಮುಗಿಯುವುದಿಲ್ಲ. ಯಾರೋ ಸ್ವಾಗತಿಸುತ್ತಾರೆ, ಯಾರೋ ನಿರೂಪಿಸುತ್ತಾರೆ, ಮಕ್ಕಳ ನೃತ್ಯ ನೋಡುಗರ ಮನಸೂರೆಗೊಳ್ಳುತ್ತದೆ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಮರುದಿನ ಅಕ್ಷರಶಃ ನಡೆದಿದೆ. ಒಂದೊಂದು ಸಲ ನನಗೆ ಜ್ಯೋತಿಷ್ಯವೂ ಬರುತ್ತದೇನೋ ಎಂಬ ಅನುಮಾನ ಬಂದದ್ದುಂಟು.

ಈ ವರ್ಷದ ವಾರ್ಷಿಕ ಸ್ನೇಹ ಸಮ್ಮೇಳನ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಗ್ಯಾದರಿಂಗ್, ಒಂದು ಶನಿವಾರಕ್ಕೆ ನಿಗದಿಯಾಗಿತ್ತು. ಗ್ಯಾದರಿಂಗ್ ಹತ್ತಿರ ಬಂತೆಂದರೆ ಶಾಲೆಗೆ ಶಾಲೆಯೇ ಕಾಲು ನೆಲಕ್ಕೆ ತಾಗಿಸುವುದಿಲ್ಲ. ಹತ್ತನೆಯ ತರಗತಿಯ ಹುಡುಗಿಯರು ವರಾಂಡದಲ್ಲಿ ಕುಣಿಯುತ್ತಾರೆ, ಒಂಬತ್ತನೆಯವರು ಅವರನ್ನು ನೋಡಿ ನಗುತ್ತಾರೆ, ನಾನು ಇಬ್ಬರನ್ನೂ ಗದರಿಸುತ್ತ ಒಳಗೊಳಗೇ ತಾಳ ಹಾಕುತ್ತೇನೆ. ಮುಖ್ಯ ಅತಿಥಿ ನಮ್ಮ ಶಾಲೆಯಲ್ಲೇ ಕಲಿತು ಈಗ ಕಲಬುರಗಿಯಲ್ಲಿ ಹೆಸರು ಮಾಡಿದ ಎಲುಬಿನ ಡಾಕ್ಟರು. ಅವರಿಗೆ ಕೊಡಲು ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆಯನ್ನೇ ಹೇಳಿಟ್ಟಿದ್ದೆವು. ಶುಕ್ರವಾರ ಸಂಜೆ ಕಲಬುರಗಿಯ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ಸೀಟು ಸಿಕ್ಕ ದಿನ ನನ್ನ ಶೈಲಿಯೇ ಬೇರೆ. ಮೊಬೈಲಿನಲ್ಲಿ ಬೆರಳು ತಾನಾಗಿ ಓಡಿತು. 'ಕಿಕ್ಕಿರಿದ ಸಭೆ' ಆಯಿತು, ಡಾಕ್ಟರ ಭಾಷಣವೂ ಆಯಿತು. 'ಇದೇ ಸಂದರ್ಭದಲ್ಲಿ' ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಈ ವರ್ಷ ಸನ್ಮಾನಕ್ಕೆ ಯಾರೂ ಇರಲಿಲ್ಲ, ಊರಿನ ಗಣ್ಯರೆಲ್ಲ ಒಂದೊಂದು ಸುತ್ತು ಮುಗಿಸಿದ್ದರು. ಆದರೆ ಸನ್ಮಾನವಿಲ್ಲದ ವರದಿ ಉಪ್ಪಿಲ್ಲದ ಸಾರು. ಹಾಗಾಗಿ ಬಿಸಿಯೂಟದ ಮೂವರು ಅಡುಗೆಯವರಲ್ಲಿ ಒಬ್ಬರ ಹೆಸರು ಹಾಕಿ, 'ಮಹಾನಂದಾ ಅವರನ್ನು ಶಾಲು ಹೊದಿಸಿ ಸನ್ಮಾನಿಸಲಾಯಿತು' ಎಂದು ಬರೆದೆ. ಬರೆದ ಮೇಲೆ ನನ್ನ ಬಗ್ಗೆಯೂ ಒಂದು ಸಾಲು ಇರಲಿ ಅನಿಸಿತು. 'ಕನ್ನಡ ಶಿಕ್ಷಕರು ಅವರ ಸೇವೆಯನ್ನು ಮನಮುಟ್ಟುವಂತೆ ಪರಿಚಯಿಸಿದರು' ಎಂದು ಸೇರಿಸಿ, ಬಸಣ್ಣನಿಗೆ ಕಳಿಸಿ, ನಿರುಮ್ಮಳವಾಗಿ ಕಣ್ಣು ಮುಚ್ಚಿದೆ.

ಶನಿವಾರ ಮುಂಜಾನೆ ಡಾಕ್ಟರ ಫೋನು ಬಂತು. ರಸ್ತೆ ಅಪಘಾತದ ಒಂದು ಕೇಸು ಬಂದಿದೆ, ಆಪರೇಷನ್ ಬಿಟ್ಟು ಬರಲಾಗುವುದಿಲ್ಲ, ಸೋಮವಾರ ಖಂಡಿತ ಬರುತ್ತೇನೆ ಎಂದರು. ಆಮೇಲೆ ಶುರುವಾಯಿತು ನೋಡಿ ಧಾವಂತ. ಪೆಂಡಾಲಿನವನಿಗೆ ಹೇಳಬೇಕು, ಬಾಳೆಗೊನೆ ಸೋಮವಾರದವರೆಗೆ ತಡೆಯುತ್ತದೋ ನೋಡಬೇಕು, ಬಣ್ಣ ಹಚ್ಚಿಕೊಂಡು ಕುಳಿತ ಹುಡುಗಿಯರ ಅಳು ನಿಲ್ಲಿಸಬೇಕು. ಎಲ್ಲವನ್ನೂ ಮಾಡಿದೆ. ಬಸಣ್ಣನಿಗೆ ಹೇಳುವುದೊಂದು ಮರೆತೆ. ಭಾನುವಾರ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಪೇಪರು ಬಿಡಿಸಿದರೆ ಮೂರನೆಯ ಪುಟದಲ್ಲಿ ನನ್ನ ವರದಿ, ಜೊತೆಗೆ ಹೋದ ವರ್ಷದ ಫೋಟೋ. ಸತ್ಯ ಹೇಳುತ್ತೇನೆ, ಮೊದಲು ನನಗೆ ಆದದ್ದು ಬರೀ ಹೆಮ್ಮೆ. ಒಂದಕ್ಷರ ಕತ್ತರಿಸಿರಲಿಲ್ಲ. ಎರಡು ಸಲ ಓದಿ, ಮೂರನೆಯ ಸಲ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತ ಪೂರ್ತಿ ಕೇಳಿಸಿಕೊಂಡು, "ಭಾಳ ಛಂದ ಬರದೀರಿ. ಆದ್ರ ನಿನ್ನಿ ನಿಮ್ಮ ಗ್ಯಾದರಿಂಗ್ ಆಗೇ ಇಲ್ಲಲ್ರಿ" ಎಂದಳು. ಚಹಾ ನನ್ನ ಕೈಯಲ್ಲೇ ಆರಿತು.

ಅಷ್ಟರಲ್ಲಿ ಮುಖ್ಯಗುರುಗಳಾದ ಕುಲಕರ್ಣಿ ಸರ್ ಫೋನು ಮಾಡಿದರು. "ಮಾಸ್ತರ್ರ, ನಿನ್ನಿ ನಾ ಅಧ್ಯಕ್ಷತೆ ವಹಿಸಿದ್ನಂತ. ನಿನ್ನಿ ನಾ ಕಟಿಂಗ್ ಮಾಡಿಸ್ಕೊಂಡು ಮನ್ಯಾಗ ಮಲಗಿದ್ದೆ" ಎಂದರು. ಕೂಡಲೇ ತಿದ್ದುಪಡಿ ಕಳಿಸುತ್ತೇನೆ ಎಂದೆ. "ಹುಚ್ಚರಾಗಬ್ಯಾಡ್ರಿ. ಸುದ್ದಿ ಯಾರೂ ಓದಂಗಿಲ್ಲ, ತಿದ್ದುಪಡಿ ಎಲ್ಲಾರೂ ಓದ್ತಾರ. ಪೇಪರಿನಾಗ ಹ್ಯಾಂಗ ಬಂದದೋ ಹಂಗೇ ನಾಳಿ ಮಾಡಿ ಮುಗಸಮು. ಆ ಅಡಗಿ ಆಯಿ ಸನ್ಮಾನ ಒಂದು ಬಿಟ್ಟುಬಿಡ್ರಿ, ಅದು ನಾವು ಮಾತಾಡಿದ್ದಲ್ಲ. ಆಕಿ ಏನು ಪೇಪರ್ ಓದ್ತಾಳೇನು?" ಎಂದರು. ನಾನು ಹೂಂ ಎಂದೆ. ಹೂಂ ಎಂದದ್ದಷ್ಟೇ ಅಲ್ಲ, ಒಂದು ಕೆಲಸ ಕಡಿಮೆಯಾಯಿತೆಂದು ಖುಷಿಯೂ ಪಟ್ಟೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಮಧ್ಯಾಹ್ನ ಊಟವಾಗಿ ಅಡ್ಡಾಗಬೇಕೆನ್ನುವಾಗ ಬಸಣ್ಣ ಫೋನು ಮಾಡಿದ. ಅವನ ದನಿಯಲ್ಲಿ ಹಬ್ಬದ ಉತ್ಸಾಹ. "ಸರ್, ನಿಮ್ಮ ವರದಿಗಿ ಭಾಳ ಡಿಮ್ಯಾಂಡ್ ಅದ್ರಿ. ಆ ಮಹಾನಂದಾ ಆಯಿ ಅಳಿಯ ಶರಣಸಿರಸಗಿಯಿಂದ ಗಾಡಿ ಹೊಡ್ಕೊಂಡು ಬಂದು, ಊರಾಗ ಉಳಿದಿದ್ದ ಪೇಪರ್ ಎಲ್ಲಾ ತಗೊಂಡು ಹೋದ. ಒಂದಕ್ಕ ಲ್ಯಾಮಿನೇಷನ್ ಮಾಡಿಸ್ಯಾನ. ಫಂಕ್ಷನ್ ನಾಳಿಗಿ ಹೋಗ್ಯಾದಂತ ಈಗ ಗೊತ್ತಾತು, ಅವರಿಗೂ ಹೇಳ್ದೆ, ಎಲ್ಲಾರೂ ಬರಾಕತ್ತಾರ" ಎಂದ. ಲ್ಯಾಮಿನೇಷನ್ ಆದ ಮೇಲೆ ಮಾತು ಮುಗಿಯಿತು, ಅದನ್ನು ಹರಿಯುವುದಕ್ಕೂ ಬರುವುದಿಲ್ಲ. ಅಂಗಿ ಸಿಕ್ಕಿಸಿಕೊಂಡು ಸೀದಾ ರೋಜಾ ಬಡಾವಣೆಗೆ ಹೋದೆ, ಭಾನುವಾರವೂ ಅಲ್ಲಿ ಬಟ್ಟೆ ಅಂಗಡಿಗಳು ತೆರೆದಿರುತ್ತವೆ. ಶಾಲು ತೋರಿಸಿ ಎಂದರೆ ಅಂಗಡಿಯ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸನ್ಮಾನದ ಶಾಲು ಎರಡು ನಮೂನಿ ಅದಾವ ಸಾಬ್. ಫೋಟೋಕ್ಕಂತ ಒಂದು, ಹೊದ್ಕೊಳ್ಳಾಕಂತ ಒಂದು. ಕೌನ್ಸಾ ದೂಂ, ಯಾವುದು ಕೊಡ್ಲಿ?" ಎಂದು ಕೇಳಿದರು. ಇಷ್ಟು ವರ್ಷ ನಮ್ಮ ಗಣ್ಯರಿಗೆಲ್ಲ ನಾವು ಮೊದಲನೆಯ ನಮೂನೆಯದನ್ನೇ ಹೊದಿಸಿದ್ದೆವು. ಅವತ್ತು ಎರಡನೆಯದನ್ನು ಕಟ್ಟಿಸಿಕೊಂಡೆ.

ಸೋಮವಾರ ನಾನು ಬಸ್ಸಿಳಿದು ಶಾಲೆಗೆ ಬರುವಷ್ಟರಲ್ಲಿ ಮಹಾನಂದಾ ಗೇಟಿನಲ್ಲೇ ನಿಂತಿದ್ದರು. ದಿನವೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಗೆಯಲ್ಲಿ ಓಡಾಡುವ ಹೆಂಗಸು ಅಂದು ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದಿದ್ದರು. ಹಿಂದೆ ಮಗಳು, ಅಳಿಯ, ಮೊಮ್ಮಗಳು. ಕೈಯಲ್ಲಿ ಆ ಲ್ಯಾಮಿನೇಷನ್. ನನ್ನನ್ನು ಕಂಡವರೇ ಮೆಲ್ಲನೆ ಕೇಳಿದರು: "ಸರ್, ಇದರಾಗ ಸನ್ಮಾನ ಆಗ್ಯಾದ ಅಂತ ಬರದಾರ. ಶನಿವಾರ ಸಾಲ್ಯಾಗ ಅಡಗಿ ಇಲ್ಲಂದಿದ್ರು, ನಾ ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ದೆ. ನನಗ ಬಿಟ್ಟು ಮಾಡೀರೇನ್ರಿ?" ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಇಲ್ಲಾಯಿ, ಅದು ಕರೆಯೋಲಿ ಇದ್ದಂಗ. ಸನ್ಮಾನ ಇವತ್ತ ಅದ" ಎಂದೆ. "ಹಂಗಂದ್ರ ಛಲೋ ಆತು. ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ, ಅದು ಕುದಿಯೋದ್ರಾಗ ಮುಗೀತದಲ್ರಿ?" ಎಂದು ಇಳಕಲ್ ಸೀರೆಯಲ್ಲೇ ಅಡುಗೆಮನೆಗೆ ಓಡಿದರು.

ನಾನು ಶಾಲಿನ ಪೊಟ್ಟಣವನ್ನು ಕುಲಕರ್ಣಿ ಸರ್ ಮೇಜಿನ ಮೇಲಿಟ್ಟು ಗೇಟಿನ ಕಡೆ ಕೈ ತೋರಿಸಿದೆ. ಅವರು ಕಿಟಕಿಯಿಂದ ಆ ಮೊಮ್ಮಗಳನ್ನು ನೋಡಿದರು, ಪೇಪರು ನೋಡಿದರು, "ಆಯ್ತು ಬಿಡ್ರಿ" ಎಂದರು. ಆಮೇಲೆ ಆ ಪೇಪರು, ಒಂದು ಕೆಂಪು ಪೆನ್ನು ಹಿಡಿದುಕೊಂಡೇ ವೇದಿಕೆಗೆ ಬಂದರು. ಅಂಥ ಗ್ಯಾದರಿಂಗ್ ನಮ್ಮ ಶಾಲೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ದೀಪ ಹಚ್ಚಿದರು, ಪೇಪರಿನಲ್ಲಿ ಒಂದು ಗುರುತು ಹಾಕಿದರು. ಸ್ವಾಗತವಾಯಿತು, ಇನ್ನೊಂದು ಗುರುತು. 'ಕಿಕ್ಕಿರಿದ ಸಭೆ' ಎಂಬಲ್ಲಿ ತಡೆದು ನನ್ನತ್ತ ನೋಡಿದರು. ನಾನು ಪಕ್ಕದ ಪ್ರಾಥಮಿಕ ಶಾಲೆಗೆ ಓಡಿ ಅಲ್ಲಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದೆ, ಸಭೆ ಕಿಕ್ಕಿರಿಯಿತು. ಹುಡುಗಿಯರು ಎರಡು ದಿನ ತಡೆಹಿಡಿದ ಕುಣಿತವನ್ನೆಲ್ಲ ಒಂದೇ ಸಲ ಕುಣಿದು ವೇದಿಕೆಯ ಹಲಗೆಯನ್ನೇ ಅಲುಗಾಡಿಸಿದರು. ಡಾಕ್ಟರಂತೂ ಕಿಸೆಯಿಂದ ಪೇಪರಿನ ಅದೇ ತುಣುಕು ತೆಗೆದು, "ನಾ ಇಷ್ಟು ಛಲೋ ಮಾತಾಡೀನಿ ಅಂತ ನನಗೇ ಗೊತ್ತಿರಲಿಲ್ಲ. ಈಗ ಬ್ಯಾರೆ ಮಾತಾಡಿ ಯಾಕ ಕೆಡಸ್ಲಿ?" ಎಂದು ನಾನು ಬರೆದದ್ದನ್ನೇ ಓದಿ ಕುಳಿತರು. ಜನ ನಕ್ಕೂ ನಕ್ಕೂ ಸುಸ್ತಾದರು. ನನಗೆ ಉಬ್ಬಿದ ಎದೆಯನ್ನು ಎಲ್ಲಿ ಬಚ್ಚಿಡಲಿ ಎಂದಾಗಿತ್ತು.

ಆಗ ಕುಲಕರ್ಣಿ ಸರ್ ಕೆಂಪು ಪೆನ್ನನ್ನು ನನ್ನ ಕಡೆ ಚಾಚಿ, "ಈಗ ಕನ್ನಡ ಶಿಕ್ಷಕರು ಮನಮುಟ್ಟುವಂತೆ ಪರಿಚಯಿಸ್ತಾರ" ಎಂದು ಮೈಕಿನಲ್ಲೇ ಹೇಳಿಬಿಟ್ಟರು. ನಾನು ಎದ್ದು ನಿಂತೆ. ಮಹಾನಂದಾ ಕುರ್ಚಿಯ ತುದಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರ ಬಗ್ಗೆ ಹೇಳಲು ನನಗೆ ಏನೂ ಗೊತ್ತಿರಲಿಲ್ಲ. ಯಾವ ಊರಿನವರು, ಎಷ್ಟು ವರ್ಷದಿಂದ ಇದ್ದಾರೆ, ಗಂಡ ಇದ್ದಾರೋ ಇಲ್ಲವೋ, ಒಂದೂ ಗೊತ್ತಿಲ್ಲ. ಅವರ ಕೈಯ ಬೇಳೆ ಮಾತ್ರ ಗೊತ್ತು. 'ಅನ್ನಪೂರ್ಣೆ' ಎಂದೆ, 'ಮಾತೃಹೃದಯ' ಎಂದೆ, 'ನಿಸ್ವಾರ್ಥ ಸೇವೆ' ಎಂದು ಎರಡು ಸಲ ಎಂದೆ. ಮಕ್ಕಳು ಕೆಮ್ಮತೊಡಗಿದರು. ಬೆವರು ಒರೆಸಿಕೊಂಡು ಶಾಲು ಹೊದಿಸಿದೆ. ಅವರು ಅದನ್ನು ಕೈಯಿಂದ ಮುಟ್ಟಿ ನೋಡಿ, ಮೈಕಿನ ಹತ್ತಿರ ಬಂದರು. ವರದಿಯಲ್ಲಿ ಅದು ಇರಲಿಲ್ಲ.

"ನನಗ ಮಾತಾಡಾಕ ಬರಂಗಿಲ್ರಿ" ಎಂದರು. "ಮಕ್ಕಳು ನನಗ ಆಯಿ ಅಂತಾವ. ಸರ್‌ನವರು ಅನ್ನ ಆತೇನು ಅಂತಾರ. ಮಹಾನಂದಾ ಅಂತ ನಮ್ಮವ್ವ ಕರೀತಿದ್ದಳ್ರಿ, ಆಕಿ ಹೋದಮ್ಯಾಲ ಯಾರೂ ಕರದಿಲ್ಲ. ನಿನ್ನಿ ನಮ್ಮ ಮೊಮ್ಮಗಳು ಪೇಪರ್ ಓದಿ ಮಹಾನಂದಾ ಅಂದಳು. ಯಾರದೋ ಹೆಸರಿರ್ಬೇಕು ಅಂದೆ ನಾ. ಇಷ್ಟು ವರ್ಷ ಈ ಸರ್ ಸುಮ್ಮ ಉಂಡು ಹೋಗ್ತಿದ್ರು. ಒಳಗ ನನ್ನ ಹೆಸರು ಇಟ್ಕೊಂಡಿದ್ರು ಅಂತ ನನಗ ಗೊತ್ತಿರಲಿಲ್ರಿ."

ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ಮನಮುಟ್ಟುವಂತೆ' ಎಂಬಲ್ಲಿ ಕುಲಕರ್ಣಿ ಸರ್ ಕೆಂಪು ಗುರುತು ಹಾಕಿದರು. ಈಗ ನಿಮಗೆ ಒಂದು ಮಾತು ಹೇಳಲೇಬೇಕು. ಆ ಹೆಸರನ್ನು ನಾನು ಒಳಗೆ ಇಟ್ಟುಕೊಂಡಿರಲಿಲ್ಲ. ಶುಕ್ರವಾರ ಬಸ್ಸಿನಿಂದಲೇ, ಪೆಂಡಾಲಿನ ಕೆಲಸಕ್ಕೆ ಶಾಲೆಯಲ್ಲಿ ಉಳಿದಿದ್ದ ಗಣಿತದ ಮಾಸ್ತರರಿಗೆ ಫೋನು ಮಾಡಿ, ಬಿಸಿಯೂಟದ ಹಾಜರಿ ಪುಸ್ತಕದಲ್ಲಿ ಮೊದಲಿಗೆ ಯಾರ ಹೆಸರಿದೆ ನೋಡಿ ಎಂದಿದ್ದೆ. ಅವರು ಒಂದು ಹೆಸರು ಹೇಳಿದರು, ನಾನು ಅದನ್ನು ಮೊಬೈಲಿನಲ್ಲಿ ಒತ್ತಿದೆ. ಉಳಿದ ಎರಡು ಹೆಸರು ಓದುವ ಮೊದಲೇ 'ಸಾಕು ಬಿಡ್ರಿ' ಎಂದು ಫೋನು ಇಟ್ಟಿದ್ದೆ. ಆ ಚಪ್ಪಾಳೆಯ ನಡುವೆ ನಾನೂ ಚಪ್ಪಾಳೆ ಹೊಡೆದೆ. ಅಷ್ಟು ಕಷ್ಟದ ಚಪ್ಪಾಳೆಯನ್ನು ನಾನು ಜೀವಮಾನದಲ್ಲಿ ಹೊಡೆದಿಲ್ಲ.

ಮಂಗಳವಾರ ಮಹಾನಂದಾ ರಜೆ ಹಾಕಿ ಮಗಳ ಮನೆಗೆ ಹೋಗಿದ್ದರು. ಊಟದ ಹೊತ್ತಿಗೆ ನಾನು ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ಉಳಿದಿಬ್ಬರು ಪಾತ್ರೆಯ ಆಚೆ ಈಚೆ ನಿಂತಿದ್ದರು. ಒಬ್ಬರು ಅನ್ನದ ಸೌಟು ಎತ್ತಿ ಹಾಗೇ ತಡೆದು, ಇನ್ನೊಬ್ಬರ ಮುಖ ನೋಡಿ ನಕ್ಕರು. "ಸರ್, ಮಹಾನಂದಕ್ಕನ ಹೆಸರು ಒಳಗ ಇಟ್ಕೊಂಡಿದ್ರಿ ಅಂದ್ಮ್ಯಾಲ ನಮ್ಮವೂ ಇರಬೇಕಲ್ರಿ? ಅಕ್ಕ ಹೇಳ್ಯಾಳ, ಸರ್‌ಗ ಎಲ್ಲಾರದೂ ಗೊತ್ತಿರ್ತದ ಅಂತ. ಒಂದ್ಸಲ ನಿಮ್ಮ ಬಾಯಿಲೆ ಹೇಳ್ರಿ, ಕೇಳಮು." ಇಬ್ಬರೂ ಕಾದು ನಿಂತರು. ಅನ್ನದ ಹಬೆ ನನ್ನ ಮುಖಕ್ಕೆ ಬಡಿಯುತ್ತಿತ್ತು, ಬೇಳೆಗೆ ಅದೇ ಆಗ ಒಗ್ಗರಣೆ ಬಿದ್ದಿತ್ತು, ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿತ್ತು.

"ಇವತ್ತ ನಂದು ಉಪವಾಸ ಅದ ತಂಗೀ" ಎಂದುಬಿಟ್ಟೆ. ಹಾಗೆ ಹೇಳಿ ಹೊರಟವನು ಸೀದಾ ಆಫೀಸಿಗೆ ಹೋಗಿ, ಬಹಳ ಹೊತ್ತು ಹುಡುಕಿ, ಬಿಸಿಯೂಟದ ಹಾಜರಿ ಪುಸ್ತಕ ತೆರೆದು ಆ ಎರಡು ಹೆಸರು ಓದಿಕೊಂಡೆ. ಮರಳಿ ಬರುವಷ್ಟರಲ್ಲಿ ಅವರು ಪಾತ್ರೆ ತೊಳೆದಿಟ್ಟು ಹೊರಟುಹೋಗಿದ್ದರು. ನಾನು ಹೇಳಿದ್ದು ಹೇಳಿದ ಮೇಲೆ ನಡೆಯಲೇಬೇಕಲ್ಲ, ಸಂಜೆ ಖೂಬಾ ಪ್ಲಾಟ್ ಮುಟ್ಟುವವರೆಗೆ ಖರೇ ಖರೇ ಉಪವಾಸವಿದ್ದೆ.