ದಲಾಲರ ಮುಷ್ಟಿ ಬಿಚ್ಚಿದ ಬಗೆ

ಹಾವೇರಿಯ ನಮ್ಮ ಫಿಜಿಯೋಥೆರಪಿ ಕೇಂದ್ರಕ್ಕೆ ಮಿದುಳಿನ ಯಂತ್ರ ಬಂದ ಮೊದಲ ದಿನವೇ ಕೆಲಸ ಸಂಪೂರ್ಣ ಸ್ಥಗಿತಗೊಂಡಿತು. ಕಾರಣ: ಹರಳೆಣ್ಣೆ. ಇಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ. ಕೈಪಿಡಿ ಬರೆದವರಿಗೆ ಮಾತ್ರ ಗೊತ್ತಿರುವುದಿಲ್ಲ.

೧. ಎಣ್ಣೆ

ರೋಗಿ, ಬ್ಯಾಡಗಿ ಕಡೆಯ ದನದ ದಲಾಲರು. ಲಕ್ವ ಹೊಡೆದು ಬಲಗೈ ಮುಷ್ಟಿಗಟ್ಟಿತ್ತು. ತಲೆಗೆ ತಂತಿಯ ಟೋಪಿ, ಕೈಗೆ ಮೋಟಾರಿನ ಕೈಗವಸು. ಹಿಡಿಯಬೇಕೆಂದು ಮನಸ್ಸು ಮಾಡಿದರೆ ಬೆರಳು ಮಡಚುತ್ತದೆ, ಬಿಡಬೇಕೆಂದರೆ ಬಿಚ್ಚುತ್ತದೆ. ತಲೆಯಲ್ಲಿ ಎಣ್ಣೆಯಿದ್ದರೆ ಟೋಪಿಗೆ ಏನೂ ತಿಳಿಯುವುದಿಲ್ಲ.

"ತಲಿ ತೊಳಕೊಂಡು ಬರ್ರಿ ಅಂದಿದ್ನೆಲ್ರಿ?" ಎಂದೆ.

"ತೊಳದ ಮ್ಯಾಲೇ ಹಚ್ಚೇನ್ರಿ," ಎಂದರು ಅವರ ಹೆಂಡತಿ. "ಮಿದುಳಿಗೆ ದುಡಿತ ಐತಿ ಅಂದ್ರಿ, ತಂಪಿರ್ಲಿ ಅಂತ."

೨. ಒಳಗಿನ ವಿಚಾರ

ಮರುದಿನ ಟೋಪಿ ಕೂತಿತು. ಪರದೆಯ ಮೇಲೆ ಗೆರೆಗಳು ಕುಣಿದವು. ಹೆಂಡತಿ ಹತ್ತಿರ ಬಂದು, "ಇವ್ರು ಒಳಗ ಏನೇನು ವಿಚಾರ ಮಾಡ್ತಾರ, ಎಲ್ಲಾ ಕಾಣತೈತೇನ್ರಿ?" ಎಂದರು.

"ಇಲ್ರಿ. ಹಿಡಿಯೋದು, ಬಿಡೋದು, ಅಷ್ಟ."

"ಅದು ಮೂವತ್ತು ವರ್ಷದಿಂದ ನನಗೂ ಗೊತ್ತೈತಿ ಬಿಡ್ರಿ," ಎಂದು ಹೋಗಿ ಕೂತರು.

೩. ಟವೆಲ್

ಮೂರು ವಾರದಲ್ಲಿ ಹಿಡಿಯುವುದು ಬಂತು. ಬಿಡುವುದು ಬರಲಿಲ್ಲ, ಪ್ರತಿ ಸಲ ನಾನೇ ಸ್ವಿಚ್ ಒತ್ತಿ ಬಿಡಿಸುತ್ತಿದ್ದೆ.

"ಬೆರಳು ಬಿಚ್ಚಲಿಲ್ಲಂದ್ರ ಸಂತ್ಯಾಗ ನನ್ನ ಕೂಡ ಯಾರು ಕುಂದ್ರತಾರ್ರಿ?" ಎನ್ನುವರು ದಲಾಲರು. ನ್ಯಾಯವೇ. ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾರೆ. ಬೆರಳಿಗೊಂದು ಸಾವಿರ.

ಒಂದು ದಿನ ರಾಣೆಬೆನ್ನೂರಿನ ದಲಾಲ ದೋಸ್ತರೊಬ್ಬರು ಬಾಳೆಹಣ್ಣು ಹಿಡಿದು ನೋಡಲು ಬಂದರು. ಕಣ್ಣಿದ್ದದ್ದು ಇವರ ಎತ್ತಿನ ಜೋಡಿಯ ಮೇಲೆ. ಮೊದಲು ಆಡಿದ್ದ ದರದ ಮೇಲೆ ಎಷ್ಟು ಏರಿಸುವುದು ಎಂಬುದಷ್ಟೇ ಬಾಕಿ. ಹೆಗಲ ಟವೆಲನ್ನು ಕೈಗವಸಿನ ಮೇಲೆ ಹೊದಿಸಿ ಕೈ ತೂರಿಸಿದರು.

ಕೈಗವಸಿಗೆ ಬರೀ ಒಂದೆರಡು ಬೆರಳು ಹಿಡಿಯಲು ಬರುವುದಿಲ್ಲ. ದೋಸ್ತರ ಐದನ್ನೂ ಹಿಡಿಯಿತು.

"ಐದು ಬಾಳ ಆತಲೇ! ಎರಡು ಮಾಡು!" ಎಂದರು ದೋಸ್ತರು.

"ಬಾಯಿಲೆ ದರ ಹೇಳಬ್ಯಾಡ. ನಾಕ ಮಂದ್ಯಾಗ ಮರ್ಯಾದಿ ಹೋಗತೈತಿ."

"ಕೈ ಬಿಡಲೇ ಮದ್ಲ!"

"ಬಿಡೋದು ಇನ್ನೂ ಕಲ್ತಿಲ್ಲಪಾ."

ದೋಸ್ತರು ನನ್ನತ್ತ ನೋಡಿದರು. ಸ್ವಿಚ್ ನನ್ನ ಕೈಯಲ್ಲೇ ಇತ್ತು. ನಡೆಯುತ್ತಿರುವ ಚಿಕಿತ್ಸೆಗೆ ಅಡ್ಡಿ ಮಾಡಬಾರದೆಂದು ಒತ್ತಲಿಲ್ಲ.

"ಹ್ಞೂಂ, ಆತು ತಗೋ ಮಾರಾಯಾ, ಐದು!"

ಮುಷ್ಟಿ ಮೆಲ್ಲಗೆ ಬಿಚ್ಚಿತು. ಬಿಡುವ ಯೋಚನೆ ಪರದೆಯ ಮೇಲೆ ದಾಖಲಾದದ್ದು ಅದೇ ಮೊದಲು. ಎತ್ತುಗಳು ಈಗ ರಾಣೆಬೆನ್ನೂರಿನಲ್ಲಿವೆ.