ಎದೆಯ ಕಾಗದಕ್ಕೆ ಇಬ್ಬರು ಪಾಲುದಾರರು

ಅಂಗಿ ಬಿಚ್ಚಿ ಮಲಗಿದ ಮನುಷ್ಯ ಸುಮ್ಮನಿರುವುದಿಲ್ಲ. ಅಜ್ಜಂಪುರ, ತರೀಕೆರೆ, ಈಗ ಕಡೂರು ಅಂತ ಇಪ್ಪತ್ತೆರಡು ವರ್ಷದಿಂದ ಇಸಿಜಿ ತೆಗೆಯುತ್ತಾ ಬಂದಿದ್ದೇನೆ. ಅಲುಗಾಡಬೇಡಿ, ಮಾತಾಡಬೇಡಿ ಅಂದ ತಕ್ಷಣ ಜನಕ್ಕೆ ಮನೆಯ ವಿಷಯವೆಲ್ಲ ನೆನಪಾಗುತ್ತದೆ. ಹಾಗಾಗಿ ನನ್ನ ಕೋಣೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ.

ಅಪ್ಪನ ಅಪ್ಪಣೆ

ಅಜ್ಜಂಪುರದಲ್ಲಿದ್ದಾಗಿನ ಮಾತು. ಐವತ್ತರ ಆಸುಪಾಸಿನ ಒಬ್ಬರು ಬಂದರು. ಎದೆ ತುಂಬ ಕರಡಿಯಂಥ ಕೂದಲು. ಎದೆಗೆ ಕೂರಿಸುವ ಆರು ರಬ್ಬರ್ ಬುರುಡೆಗಳಲ್ಲಿ ಒಂದೂ ನಿಲ್ಲಲಿಲ್ಲ. ರೇಜರ್ ತೆಗೆದೆ. ಅವರು ಎದ್ದೇ ಕೂತರು.

"ನಮ್ಮಪ್ಪ ಇನ್ನೂ ಬದುಕವ್ನೆ ಸ್ವಾಮಿ. ಅಪ್ಪ ಇರುವಾಗ ಬೋಳಿಸ್ಕೊಂಡ್ರೆ ಜನ ಏನಂತಾರೆ?"

"ತಲೆಯಲ್ಲ, ಮೀಸೆಯಲ್ಲ, ಎದೆ ಕಣ್ರೀ."

"ಯಾವ್ದಾದ್ರೇನು. ಹೊರಗೆ ಕೂತವ್ನೆ, ಒಂದ್ಮಾತು ಕೇಳ್ಕೊಂಡ್ ಬನ್ನಿ."

ಹೋದೆ. ಎಂಬತ್ತು ದಾಟಿದ ಮುದುಕರು ಬೆಂಚಿನ ಮೇಲೆ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ನಿಮ್ಮ ಮಗನ ಎದೆ ಬೋಳಿಸಬಹುದಾ ಅಂತ ಕೇಳಿದೆ.

"ಧಾರಾಳವಾಗಿ ಬೋಳ್ಸಪ್ಪ," ಅಂದರು. "ಮೂವತ್ತು ವರ್ಷದಿಂದ ಅವನು ನನ್ನ ತಲೆ ಬೋಳಿಸ್ತಾ ಅವ್ನೆ. ಒಂದ್ಸಲನಾದ್ರೂ ನನ್ನ ಕೇಳಿದ್ನಾ?"

ಗೇಣಿನ ಅಳತೆ

ಇನ್ನು ಹೇಳುವುದೆಲ್ಲ ಒಬ್ಬ ಅಣ್ಣ, ಒಬ್ಬ ತಮ್ಮನ ಸಮಾಚಾರ. ಸಖರಾಯಪಟ್ಟಣದ ಕಡೆಯವರು. ಅಣ್ಣನಿಗೆ ಎಪ್ಪತ್ತೆರಡು, ತಮ್ಮನಿಗೆ ಅರವತ್ತೆಂಟು. ಇಬ್ಬರಿಗೂ ಎದೆಯ ತೊಂದರೆ. ಜಮೀನು ಪಾಲಾದ ದಿನದಿಂದ ಹನ್ನೆರಡು ವರ್ಷ ಮಾತಿಲ್ಲ, ಕತೆಯಿಲ್ಲ. ಮನೆ ಮಾತ್ರ ಒಂದೇ ಗೋಡೆಯ ಆಚೆ ಈಚೆ. ಕಡೂರಿನ ನಮ್ಮ ಆಸ್ಪತ್ರೆಗೆ ಹೃದಯದ ಡಾಕ್ಟರು ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಬರುವುದು. ಹಾಗಾಗಿ ಇಬ್ಬರೂ ಅದೇ ದಿನ, ಅದೇ ಬಸ್ಸಿಗೆ ಬರಬೇಕು. ಒಬ್ಬರು ಮುಂದಿನ ಬಾಗಿಲಲ್ಲಿ ಇಳಿದರೆ ಇನ್ನೊಬ್ಬರು ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದರು.

ಒಂದು ಸಲ ಅಣ್ಣನ ಬಡಿತ ಏರುಪೇರಾಗಿದೆ ಅಂತ ಕಾಗದವನ್ನು ಸ್ವಲ್ಪ ಹೆಚ್ಚು ಓಡಿಸಿದೆ. ತಮ್ಮನದನ್ನು ಮಾಮೂಲಿ ಉದ್ದಕ್ಕೆ ನಿಲ್ಲಿಸಿದೆ. ಕಿರಿಯವರು ಮೇಜಿನ ಮೇಲಿದ್ದ ಎರಡನ್ನೂ ಗೇಣು ಹಾಕಿ ಅಳೆದರು.

"ಅವಂಗೆ ಮೂರು ಗೇಣು, ನಂಗೆ ಎರಡೇ. ಯಾಕೆ ಸಾರ್?"

"ಅವರಿಗೆ ಕಾಯಿಲೆ ಜಾಸ್ತಿ ಯಜಮಾನ್ರೇ."

"ಕಾಯಿಲೆ ಎಷ್ಟಾದ್ರೂ ಇಟ್ಕೊಳ್ಲಿ. ಕಾಗದ ಸಮ ಆಗ್ಬೇಕು."

ಮತ್ತೆ ಮಲಗಿಸಿ, ಇನ್ನೊಂದು ಗೇಣು ಓಡಿಸಿ ಕೊಟ್ಟ ಮೇಲೇ ಅವರು ಅಂಗಿ ಹಾಕಿಕೊಂಡದ್ದು.

ಮನೆ ಎಣಿಸುವ ಪಾಠ

ಅಣ್ಣನನ್ನು ಹೇಗಿದ್ದೀಯ ಅಂತ ಕೇಳಲು ತಮ್ಮನಿಗೆ ಬಾಯಿ ಬಾರದು. ಅದಕ್ಕೇ ಇರಬೇಕು, ಈ ಕಾಗದ ಓದುವುದನ್ನು ಕಲಿಸಿ ಅಂತ ನನಗೆ ಗಂಟುಬಿದ್ದರು. ನನಗೂ ಮೇಷ್ಟ್ರಾಗುವ ಚಪಲ. ಚೌಕಾಬಾರದ ಹಾಗೆ ಮನೆ ಮನೆಯಾಗಿರುವ ಕಾಗದವನ್ನು ಮುಂದೆ ಹರಡಿದೆ.

"ಮೊದಲು ಒಂದು ಸಣ್ಣ ಉಬ್ಬು, ಅದು ಹೃದಯದ ಮೇಲಿನ ಕೋಣೆಯ ಕೆಲಸ. ಆಮೇಲೆ ಚೂಪು ಗೋಪುರ, ಅದು ಕೆಳಗಿನ ಕೋಣೆಯದು. ಕೊನೆಗೊಂದು ದುಂಡನೆ ದಿಬ್ಬ, ಹೃದಯ ಸುಧಾರಿಸ್ಕೊಳ್ಳೋದು. ಗೋಪುರದಿಂದ ಗೋಪುರಕ್ಕೆ ಎಷ್ಟು ದೊಡ್ಡ ಮನೆ ಅಂತ ಎಣಿಸಿ, ಮುನ್ನೂರನ್ನ ಅದರಿಂದ ಭಾಗಿಸಿ. ನಿಮ್ಮದು ನಾಲ್ಕು ಮನೆ, ಅಂದ್ರೆ ನಿಮಿಷಕ್ಕೆ ಎಪ್ಪತ್ತೈದು ಬಡಿತ. ಆ ದೂರ ಎಲ್ಲ ಕಡೆ ಒಂದೇ ಇರಬೇಕು. ಗೋಪುರಕ್ಕೂ ದಿಬ್ಬಕ್ಕೂ ನಡುವೆ ಗೀಟು ನೆಲಮಟ್ಟದಲ್ಲಿರಬೇಕು. ಅಲ್ಲಿ ಮೇಲೆದ್ದಿದ್ರೆ ಅಪಾಯ."

ಅವರು ಅಣ್ಣನ ಕಾಗದವನ್ನು ಎಳೆದುಕೊಂಡು ಬೆರಳಿಟ್ಟು ಎಣಿಸಿದರು. ಎರಡು, ಐದು, ಮೂರು, ನಾಲ್ಕೂವರೆ.

"ನೋಡಿದ್ರಾ," ಅಂದರು. "ಇದ್ರಲ್ಲೂ ಅವನು ಸಮ ಪಾಲು ಮಾಡಿಲ್ಲ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಕಾಗದದಿಂದ ಕಣ್ಣೆತ್ತಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು, "ಇದು ವಾಸಿ ಆಗ್ತದಾ ಸಾರ್?" ಅಂತ ಕೇಳಿದರು.

ಮಾತಾಡಿ ಕೆಡಿಸಿದ ಗೀಟು

ಅಣ್ಣ ಮಿತಭಾಷಿ. ಒಂದು ದಿನ ಮಾತ್ರ ಮೆಷಿನ್ ಓಡುತ್ತಿರುವಾಗಲೇ ಶುರುಮಾಡಿದರು. ಅವರ ಕಡೆ ಪಾಲು ಮಾಡುವಾಗ ಹಿರಿಯವನು ಭಾಗ ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು.

"ಒಂದು ಕಡೆ ತೆಂಗಿನ ತೋಟ ಇಟ್ಟೆ, ಒಂದು ಕಡೆ ಬೆದ್ದಲು ಹೊಲ. ಅಳತೇಲಿ ಹೊಲವೇ ದೊಡ್ಡದು, ಬೆಲೇಲಿ ತೋಟ. ತೋಟ ನಾನು ನೆಟ್ಟಿದ್ದು ಕಣಪ್ಪ, ಬಿಂದಿಗೇಲಿ ನೀರು ಹೊತ್ತು ಸಾಕಿದ್ದು. ಅದನ್ನ ನಂಗೆ ಬಿಡ್ತಾನೆ ಅಂದ್ಕೊಂಡಿದ್ದೆ. ತೋಟಾನೇ ಬೇಕು ಅಂದ್ಬಿಟ್ಟ."

"ಬಾಯಿಬಿಟ್ಟು ಕೇಳ್ಬೋದಿತ್ತಲ್ಲ ಯಜಮಾನ್ರೇ?"

"ಹಿರಿಯೋನು ಕೇಳಂಗಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನಾನು ಕಾಗದ ನೋಡಿದೆ. ಮಾತಾಡಿದ್ದರಿಂದ ಗೀಟೆಲ್ಲ ನಡುಗಿಹೋಗಿತ್ತು. ಇನ್ನೊಂದು ಸಲ ತೆಗೆಯಬೇಕು ಅಂದೆ.

"ತೆಗಿ," ಅಂದರು. "ಆದ್ರೆ ಅವಂಗೆ ಹೇಳ್ಬೇಡ. ತನ್ದೂ ಎರಡೆರಡು ಸಲ ತೆಗೀಬೇಕು ಅಂತಾನೆ."

ಕಿರಿಯವನು ಆರಿಸಿಕೊಂಡದ್ದು

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಊರಿನವರೊಬ್ಬರ ವ್ಯಾನಿನಲ್ಲಿ ಅಣ್ಣನನ್ನು ಹಾಕಿಕೊಂಡು ತಮ್ಮ ಬಂದರು. ಎದೆನೋವು, ಮೈಯೆಲ್ಲ ಬೆವರು. ವೈರು ಹಚ್ಚಿ ಕಾಗದ ಓಡಿಸಿದೆ. ನನಗಿಂತ ಮೊದಲು ತಮ್ಮನೇ ಬಗ್ಗಿ ನೋಡಿದರು.

"ಗೀಟು ಮೇಲೆದ್ದೈತೆ ಅಲ್ವಾ ಸಾರ್?"

ಆ ಪಾಠ ಹೇಳಿಕೊಟ್ಟದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಡ್ಯೂಟಿ ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಗಂಟೆಯೊಳಗೆ ಮುಗಿದುಹೋಯಿತು. ಖಚಿತ ಮಾಡಿಕೊಳ್ಳಲು ಇನ್ನೊಂದು ಕಾಗದ ತೆಗೆಯಲು ಹೇಳಿದರು. ಗೀಟು ನೆಟ್ಟಗೆ ಬಂತು. ಮುಂದೆಲ್ಲಾದರೂ ಒಂದು ಉಬ್ಬು ಸಿಕ್ಕೀತು ಅಂತ ನಾನು ನಿಲ್ಲಿಸದೆ ಓಡಿಸುತ್ತಲೇ ಇದ್ದೆ. ಸಾಕು ಬಿಡ್ರೀ ಅಂದರು ಡಾಕ್ಟರು.

ಅಣ್ಣನ ಕಾಲ ಬಳಿ ತಮ್ಮ ನಿಂತಿದ್ದರು.

"ಗೋಡೆ ಆಚೆ ನರಳೋದು ಕೇಳಿಸ್ತು, ಓಡ್ಹೋದೆ. ದಾರೀಲಿ, 'ಅಣ್ಣಾ, ತೋಟ ನೀನೇ ತಗೋ' ಅಂದೆ. 'ಮೊದ್ಲು ಕಿಟಕಿ ಮುಚ್ಚೋ, ಚಳಿ' ಅಂದ. ಹನ್ನೆರಡು ವರ್ಷಕ್ಕೆ ಅದೊಂದೇ ಮಾತು ಸಾರ್."

ಅಣ್ಣಂದು ಒಂದು ಕಾಗದ ನಂಗೆ ಕೊಡಿ ಅಂದರು. ಬಂದಾಗ ತೆಗೆದದ್ದು, ಈಗಿನದು, ಎರಡರ ಪ್ರತಿಗಳೂ ನನ್ನ ಕೈಯಲ್ಲಿದ್ದವು. ಯೋಚನೆಯೇ ಇಲ್ಲದೆ ಎರಡನ್ನೂ ಮೇಜಿನ ಮೇಲಿಟ್ಟು, ಯಾವುದು ಬೇಕು ಅಂತ ಕೇಳಿಬಿಟ್ಟೆ.

"ಚಿಕ್ಕೋನೇ ಅಲ್ವಾ ಮೊದ್ಲು ಆರಿಸ್ಬೇಕಾದ್ದು," ಅಂದರು.

ಬಹಳ ಹೊತ್ತು ನೋಡಿದರು. ಗೋಪುರಗಳಿದ್ದ ಮೊದಲಿನ ಕಾಗದವನ್ನು ಮಡಚಿ ಅಣ್ಣನ ಅಂಗಿಯ ಎಡಜೇಬಿಗೆ ಇಟ್ಟರು. "ಇದ್ರಲ್ಲಿ ಜೀವ ಐತೆ. ಇದು ಅವಂಗಿರ್ಲಿ."

ನೆಟ್ಟನೆ ಗೀಟಿನದನ್ನು ತಾವು ತೆಗೆದುಕೊಂಡರು. ಅಭ್ಯಾಸ ಬಲ, ಕೈ ತಾನಾಗಿ ಗೇಣು ಹಾಕತೊಡಗಿತು. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿಗೆ ಕೈ ನಿಂತಿತು. ನನ್ನ ಕಡೆ ತಿರುಗಿದರು. ನಗುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು.

"ನೋಡಿ ಸಾರ್, ಈ ಸಲಾನೂ ನಂಗೇ ಜಾಸ್ತಿ ಬಂತು."